ಕ್ರಿಯಾಪದದ ಬಾಲ

ಹ್ಯಾಲಿಫ್ಯಾಕ್ಸಿನ ಈ ಕಲ್ಲುಮನೆಯ ಗೋಡೆ
ಮೊಳಕ್ಕಿಂತ ದಪ್ಪ.
ನಾನು ಕೂರುವುದು ಅಟ್ಟದಲ್ಲಿ.
ರೌಟರ್ ಇದ್ದದ್ದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ,
ಗ್ಯಾಸ್ ಮೀಟರು, ಇಸ್ತ್ರಿ ಹಲಗೆ,
ಹಿಂದಿನ ಬಾಡಿಗೆಯವರು ಬಿಟ್ಟುಹೋದ
ಬಣ್ಣದ ಡಬ್ಬಿಗಳ ಹಿಂದೆ.

ನನ್ನದು ಬಾಯಿಯ ಕೆಲಸ.
ಅವರ ಕನ್ನಡವನ್ನು ಇವರ ಇಂಗ್ಲಿಷಿಗೆ,
ಇವರ ಇಂಗ್ಲಿಷನ್ನು ಅವರ ಕನ್ನಡಕ್ಕೆ
ಗಂಟೆ ಲೆಕ್ಕದಲ್ಲಿ ದಾಟಿಸುವುದು.
ವರ್ಷಕ್ಕೆ ನಾಲ್ಕೈದು ಮೊಕದ್ದಮೆ. ಉಳಿದ ದಿನ
ಆಸ್ಪತ್ರೆಯ ಚೀಟಿ, ಶಾಲೆಯ ಪತ್ರ.

ಮಂಗಳವಾರ ಕಾರ್ಮಿಕ ನ್ಯಾಯಮಂಡಳಿ, ವಿಡಿಯೊದಲ್ಲಿ.
ಲೀಡ್ಸಿನ ಹೋಟೆಲಿನ ಅಡಿಗೆಯವರು ಮಕ್ತುಂಸಾಬ ಹುಲಕೋಟಿ,
ಗದಗಿನ ಕಡೆಯ ಮಾತು.
ಗಲ್ಲಾದಲ್ಲಿ ಇನ್ನೂರ ಹತ್ತು ಪೌಂಡು ಕಡಿಮೆ ಬಿತ್ತಂತೆ,
ಮಾರನೆಯ ದಿನವೇ ಇವರ ಕೆಲಸ ಹೋಯಿತಂತೆ.
ಗಲ್ಲಾಕ್ಕೆ ಕೈ ಹಾಕಿದಿರಾ? ಕೇಳಿದ್ದು ಅವರು, ದಾಟಿಸಿದ್ದು ನಾನು.
"ನಾ ಆ ಪೆಟ್ಟಿಗಿ ಮುಟ್ಟಿ—"

ಚಕ್ರ ತಿರುಗಿತು.
ಅರ್ಧ ತೆರೆದ ಬಾಯಿಯ ಮುಖ ಚೌಕಚೌಕವಾಗಿ ನಿಂತಿತು.

ಇಂಗ್ಲಿಷಿನವನು ಮೊದಲು ಅಲ್ಲಗಳೆದು
ಆಮೇಲೆ ಮುಟ್ಟುತ್ತಾನೆ.
ನಮ್ಮ ಇಲ್ಲ ಇರುವುದು ಕಟ್ಟಕಡೆಗೆ,
ಕ್ರಿಯಾಪದದ ಬಾಲದಲ್ಲಿ.
ಅದನ್ನೇ ತಿಂದುಹಾಕಿತ್ತು ನನ್ನ ಲೈನು.
ಹನ್ನೊಂದು ಸೆಕೆಂಡು
ಒಬ್ಬ ಮನುಷ್ಯನ ಮಾನ
ಇಸ್ತ್ರಿ ಹಲಗೆಯ ಹಿಂದೆ ಸಿಕ್ಕಿಕೊಂಡಿತ್ತು.

ನ್ಯಾಯಾಧೀಶೆ ಒಳ್ಳೆಯವರು. ಇನ್ನೊಮ್ಮೆ ಕೇಳಿ ಎಂದರು.
ಆದರೆ ಇನ್ನೊಮ್ಮೆ ಹೇಳಿದ "ಇಲ್ರೀ"
ಮೊದಲನೆಯದರ ಹಾಗಿರುವುದಿಲ್ಲ.
ಅದಕ್ಕೆ ಯೋಚಿಸಿದ ಬಣ್ಣ ಬಂದಿರುತ್ತದೆ.

ಪಕ್ಕದ ಮನೆಯ ಅಕ್ರಾಯ್ಡ್
ಮೂವತ್ತೆರಡು ವರ್ಷ ಟೆಲಿಫೋನ್ ಕಂಬ ಹತ್ತಿದವನು.
ಮಂಡಿಯೂರಿ, ಮಂಡಿಯನ್ನೇ ಬೈದು,
ಸಾಕೆಟ್ಟಿನ ಮುಚ್ಚಳ ಬಿಚ್ಚಿದ.
"ಈ ಮೂರನೇ ಎಳೆ ನೋಡು, ಲವ್."
ಈ ಊರಿನಲ್ಲಿ ಬಸ್ಸಿನವನಿಗೂ ನಾನು ಲವ್ವೇ.
"ಮೇಲಿನ ಕೋಣೆಯ ಫೋನು ರಿಂಗಾಗಲೆಂದು ಎಳೆದದ್ದು.
ಈಗ ಫೋನೂ ಇಲ್ಲ, ಗಂಟೆಯೂ ಇಲ್ಲ.
ತಂತಿ ಮಾತ್ರ ಗೋಡೆಯೊಳಗೆ ಕಿವಿ ನಿಗುರಿಸಿಕೊಂಡು
ಫ್ರಿಜ್ಜಿನ ಗುರುಗುರು, ಯಾರದೋ ರೇಡಿಯೊ,
ಕಂಡಕಂಡ ಸದ್ದನ್ನೆಲ್ಲ ಹಿಡಿದು ಲೈನಿಗೆ ಸುರಿಯುತ್ತದೆ."
ಕಿತ್ತಳೆ ಬಣ್ಣದ ಎಳೆ. ಇಕ್ಕಳದಲ್ಲಿ ಕಿತ್ತು ಮಡಚಿಟ್ಟ.
ಎಂಬತ್ತನಾಲ್ಕರಲ್ಲಿ ಹಾಕಿದವನೂ ತಾನೇ ಇರಬಹುದೆಂದು
ನಕ್ಕನೋ, ಕೆಮ್ಮಿದನೋ.

ಮೋಡೆಮ್ಮನ್ನು ಒಳಗಿನ ಸಾಕೆಟ್ಟಿಗೇ ನೇರ ಸಿಕ್ಕಿಸಿದೆವು.
ರೌಟರನ್ನು ಗೂಡಿನಿಂದ ಬಿಡಿಸಿ
ಮೆಟ್ಟಿಲಂಚಿಗೆ ಹದಿನೈದು ಮೀಟರು ಕೇಬಲ್ಲು ಹಾಯಿಸಿ
ಅಟ್ಟದ ಬಾಗಿಲ ತಲೆಯ ಮೇಲೆ ಕೂರಿಸಿದೆವು.
ಸುತ್ತಲ ಐದು ಮನೆಯೂ ಆರನೇ ಚಾನೆಲ್ಲಿನಲ್ಲಿ ನೂಕಾಡುತ್ತಿದ್ದವು;
ನಾನು ಹನ್ನೊಂದಕ್ಕೆ ಹೋದೆ.
ಏಳಿದ್ದದ್ದು ಮೂವತ್ತೊಂದಾಯಿತು.
ಅಕ್ರಾಯ್ಡ್ ನಂಬದೆ ಮೂರು ಸಲ ಅಳೆದ.
ಕೂಲಿಗೆ ಉಪ್ಪಿಟ್ಟು ಕೊಟ್ಟೆ. ತಿಂದು,
ಕರಿಬೇವನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿಟ್ಟ.

ಮುಂದಿನ ತಾರೀಖು.
ಮಕ್ತುಂಸಾಬರ ಗಡ್ಡದ ಒಂದೊಂದು ಬಿಳಿ ಕೂದಲೂ ಕಾಣುತ್ತಿತ್ತು.
ಮಾಲೀಕರ ಕಡೆಯ ವಕೀಲ ಕೇಳಿದ:
ಹಾಗಾದರೆ ತೆಗೆದವರು ಯಾರೆಂದು ನಿಮಗೆ ಗೊತ್ತೆ?
ದಾಟಿಸಿದೆ.
ಅವರು ಮಾತಾಡಲಿಲ್ಲ.
ಗಂಟಲ ಗುಬಟು ಏರಿ ಇಳಿಯಿತು.
ಅವರ ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು,
ಅದೂ ಕೇಳಿಸಿತು.
"ಸಂಪರ್ಕ ಕಡಿಯಿತೆ?" ನ್ಯಾಯಾಧೀಶೆ ನನ್ನನ್ನು ಕೇಳಿದರು.

ಹಳೆಯ ಲೈನಾಗಿದ್ದರೆ
ಹೌದು ಎಂದುಬಿಡಬಹುದಿತ್ತು.
ಅವರಿಗೊಂದು ಮರೆ ಸಿಗುತ್ತಿತ್ತು.

"ಇಲ್ಲ" ಎಂದೆ.
"ಲೈನು ಸರಿಯಾಗಿದೆ."